ಮೊದಲು ಕುದುರೆ, ಆಮೇಲೆ ನಕ್ಷೆ

ಈಗಷ್ಟೇ ಹೊಳೆದದ್ದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿರುವ ಡುಪಾಂಟ್ ರಾಜ್ಯ ಅರಣ್ಯದಂಥ ಕಡೆ ಒಂದು ದಿನದ ಕುದುರೆ ಸವಾರಿ ಎಂದರೆ, ಯೋಜನೆ ಶುರುವಾಗುವುದೇ ಯಾವ ಜಲಪಾತ ನೋಡೋಣ ಎಂಬಲ್ಲಿಂದ. ಶುರುವಾಗಬೇಕಾದ್ದು ಕುದುರೆಯಿಂದ. ನಡಿಗೆಯಲ್ಲಿ ಅದು ಗಂಟೆಗೆ ಹೆಚ್ಚುಕಡಿಮೆ 6 ಕಿ.ಮೀ. ಹೋಗುತ್ತದೆ, ಏರು, ಕಲ್ಲುದಾರಿ ಬಂದರೆ ಇನ್ನೂ ನಿಧಾನ. ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು, ಸೆಕೆಗಾಲದಲ್ಲಿ ಅದಕ್ಕಿಂತ ಜಾಸ್ತಿ. ಹಾಗಾಗಿ ಮೊದಲು ಗುರುತು ಹಾಕಬೇಕಾದ್ದು ನೀರು ಸಿಗುವ ಜಾಗ, ಟ್ರೇಲರ್ ತಿರುಗಿಸಲು ಬರುವ ಬಯಲು, ಕುದುರೆಗೆ ಅನುಮತಿ ಇರುವ ದಾರಿ. ಕಾಗಿನ್ಸ್ ರಕ್ತಪರೀಕ್ಷೆಯ ಪತ್ರ ಕೇಳಿದರೆ ಗೊಣಗುವವರಿದ್ದಾರೆ. ಆದರೆ ಆ ಪರೀಕ್ಷೆ ಪತ್ತೆಹಚ್ಚುವ, ರಕ್ತ ಹೀರುವ ನೊಣಗಳಿಂದ ಹರಡುವ ಸಾಂಕ್ರಾಮಿಕ ರಕ್ತಹೀನತೆ ರೋಗಕ್ಕೆ ಮದ್ದಿಲ್ಲ. ಒಂದು ಕುದುರೆಯಿಂದ ಪಕ್ಕದ ಕುದುರೆಗಳಿಗೆಲ್ಲ ಅಪಾಯ.

ಕುದುರೆ ಗಟ್ಟಿ ಪ್ರಾಣಿ, ಕ್ಯಾಲಿಫೋರ್ನಿಯಾದ ದೂರಸವಾರಿ ಸ್ಪರ್ಧೆ ಟೆವಿಸ್ ಕಪ್‌ನಲ್ಲಿ 1955ರಿಂದ ಒಂದೇ ದಿನದಲ್ಲಿ 100 ಮೈಲಿ ಹೋಗುತ್ತಿಲ್ಲವೇ ಎಂದು ಕೇಳಬಹುದು. ನಿಜ. ಆದರೆ ಆ ಕುದುರೆಗಳ ಹಿಂದೆ ದೀರ್ಘ ತಯಾರಿ ಇರುತ್ತದೆ. ದಾರಿಯ ನಡುನಡುವೆ ಪಶುವೈದ್ಯರು ನಾಡಿ, ನಡಿಗೆ ನೋಡುತ್ತಾರೆ; ಕುಂಟಿದರೆ ಸವಾರಿ ಅಲ್ಲಿಗೇ ಮುಗಿಯಿತು. ವಾರವೆಲ್ಲ ಲಾಯದಲ್ಲಿ ನಿಂತ ಕುದುರೆಗೆ ಆ ಲೆಕ್ಕ ಹೊಂದುವುದಿಲ್ಲ. ಇಷ್ಟೆಲ್ಲ ಲೆಕ್ಕ ಹಾಕಿದರೆ ಸವಾರಿಯ ಖುಷಿ ಎಲ್ಲಿ ಅಂತಲೂ ಕೇಳಬಹುದು. ದಣಿದ ಕುದುರೆಯ ಬೆನ್ನ ಮೇಲೆ ಕೂತು ಯಾವ ಖುಷಿ? ಮಳೆ ಬಿದ್ದ ಮರುದಿನ ಸವಾರಿ ಮುಂದೂಡುವುದೂ ಸರಿಯೇ; ಅರ್ಧ ಟನ್ ಭಾರ ಹೊತ್ತ ಗೊರಸುಗಳು ಒದ್ದೆ ದಾರಿಯನ್ನು ಕೆಸರುಗದ್ದೆ ಮಾಡಿಬಿಡುತ್ತವೆ. ಕುದುರೆ ಸಾಕಿದವರು ಏನಂತೀರಿ?