ಗಾಯೋಲೆಯ ಹಳೆಯ ಸೈಕಲ್ ಸಂತೆ

ಇಟಲಿಯ ಟಸ್ಕನಿ ಪ್ರಾಂತದಲ್ಲಿ ಸಿಯೆನಾ ನಗರದಿಂದ ಈಶಾನ್ಯಕ್ಕೆ ಹೊರಟ ದಾರಿ ದ್ರಾಕ್ಷಿಯ ತೋಟಗಳನ್ನೂ ಆಲಿವ್ ಮರಗಳ ಬೂದುಹಸುರನ್ನೂ ಹಾದು, ಓಕ್ ಕಾಡು ಕವಿದ ಗುಡ್ಡಗಳ ನಡುವಣ ಒಂದು ಕಿರುಕಣಿವೆಗೆ ಇಳಿಯುತ್ತದೆ. ಅಲ್ಲಿರುವ ಊರೇ ಗಾಯೋಲೆ. ಮೂರು ಸಾವಿರ ಜನಸಂಖ್ಯೆಯೂ ಇಲ್ಲದ ಊರು. ಸುತ್ತಣ ಗುಡ್ಡಗಳ ನೆತ್ತಿಯ ಮೇಲೆ ಕೋಟೆಗಳು ನಿಂತಿವೆ. ಮಧ್ಯಯುಗದಲ್ಲಿ ಆ ಕೋಟೆಗಳ ಜನ ಕೆಳಗಿಳಿದು ಬಂದು ಕೊಡುಕೊಳ್ಳುವ ವ್ಯವಹಾರ ನಡೆಸುತ್ತಿದ್ದ ಸಂತೆಯ ತಾಣವೇ ಕಾಲಕ್ರಮದಲ್ಲಿ ಊರಾಗಿ ಬೆಳೆಯಿತು. ಇಂದು ಈ ಸೀಮೆಯ ಹೆಸರು ಲೋಕಕ್ಕೆ ಪರಿಚಿತವಾಗಿರುವುದು ಕಿಯಾಂಟಿ ಎಂಬ ದ್ರಾಕ್ಷಾರಸದಿಂದ. ಆದರೆ ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಸಮೀಪಿಸಿತೆಂದರೆ ಗಾಯೋಲೆಗೆ ತನ್ನ ಪೂರ್ವಜನ್ಮದ ಸ್ಮರಣೆಯಾಗುತ್ತದೆ. ಬೀದಿಯ ಇಕ್ಕೆಲಗಳಲ್ಲಿ ಅಂಗಡಿಗಳು ಏಳುತ್ತವೆ; ಸಂತೆ ನೆರೆಯುತ್ತದೆ. ಸರಕು ಮಾತ್ರ ಬೇರೆ: ಹಳೆಯ ರೇಸಿಂಗ್ ಸೈಕಲ್ಲುಗಳು.

ರೇಸಿಂಗ್ ಸೈಕಲ್ ಎಂದೊಡನೆ ಕನ್ನಡ ನಾಡಿನ ಊರುಗಳಲ್ಲಿ ಒಂದು ತಲೆಮಾರಿನ ಹಿರಿಯರು ಏರಿ ಕಚೇರಿಗೆ ಹೋಗುತ್ತಿದ್ದ, ಚೈನಿಗೆ ತಗಡಿನ ಹೊದಿಕೆಯುಳ್ಳ ಆ ಗಂಭೀರವಾದ ಕಪ್ಪು ವಾಹನವನ್ನು ಓದುಗರು ನೆನೆಯಬಾರದು. ಇವು ತೆಳುವಾದ ಉಕ್ಕಿನ ಕೊಳವೆಗಳ, ಬಾಗಿದ ಹ್ಯಾಂಡಲ್ಲಿನ, ಬೆರಳಗಲದ ಟೈರಿನ ಸೈಕಲ್ಲುಗಳು. ತೂಕ ಸುಮಾರು 10 ಕಿಲೋಗ್ರಾಂ. ಸಂತೆಯಲ್ಲಿ ಇಡೀ ಸೈಕಲ್ಲುಗಳಿಗಿಂತ ಬಿಡಿಭಾಗಗಳೇ ಹೆಚ್ಚು. ಒಂದೆಡೆ ಬರಿಯ ಚೌಕಟ್ಟುಗಳು ಸಾಲಾಗಿ ನೇತಾಡುತ್ತಿದ್ದರೆ, ಮತ್ತೊಂದೆಡೆ ಕಂಬಳಿಯ ಮೇಲೆ ಗೇರುಗಳು, ಪೆಡಲ್ಲುಗಳು, ಚರ್ಮದ ಸೀಟುಗಳು, ಉಣ್ಣೆಯ ಅಂಗಿಗಳು ಹರಡಿರುತ್ತವೆ.

ಈ ಸಂತೆಗೆ ಮೂಲವಾದುದು ಒಂದು ಸವಾರಿ. ಕಿಯಾಂಟಿಯ ಗುಡ್ಡಗಳ ಮೇಲೆ ಸುಣ್ಣಕಲ್ಲಿನ ಜಲ್ಲಿ ಹಾಸಿದ ಬಿಳಿಯ ದಾರಿಗಳು ಹರಿದಿವೆ. ಒಂದಾದ ಮೇಲೊಂದು ದಾರಿಗೆ ಡಾಂಬರು ಬೀಳತೊಡಗಿದಾಗ, ಅವುಗಳನ್ನು ಉಳಿಸಬೇಕೆಂಬ ಹಂಬಲದಿಂದ ಜಾಂಕಾರ್ಲೊ ಬ್ರೋಚಿ ಎಂಬವರು 1997ರಲ್ಲಿ ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಏರ್ಪಡಿಸಿದರು. ಅದರ ಹೆಸರು ಲೆರೋಯಿಕಾ, ಎಂದರೆ ವೀರೋಚಿತವಾದುದು. ಮೊದಲ ವರ್ಷ ಬಂದವರು 92 ಮಂದಿ. ಈಗ ನಾನಾ ದೇಶಗಳಿಂದ ಸಾವಿರಾರು ಮಂದಿ ಬರುತ್ತಾರೆ. ಅತಿ ದೀರ್ಘವಾದ ಸುತ್ತು 209 ಕಿಲೋಮೀಟರಿನದು. ಗೆದ್ದವನಿಗೆ ಬಹುಮಾನವಿಲ್ಲ, ಏಕೆಂದರೆ ಅಲ್ಲಿ ಗೆಲುವೆಂಬುದೇ ಇಲ್ಲ. ಇದೇ ಬಿಳಿಯ ದಾರಿಗಳ ಆಕರ್ಷಣೆಯಿಂದ 2007ರಲ್ಲಿ ವೃತ್ತಿನಿರತ ಸವಾರರ ಸ್ಪರ್ಧೆಯೂ ಹುಟ್ಟಿತು. ಅದರ ಹೆಸರೇ ಈಗ ‘ಸ್ತ್ರಾದೆ ಬಿಯಾಂಕೆ’, ಬಿಳಿಯ ದಾರಿಗಳು.

ಲೆರೋಯಿಕಾದ ಕಟ್ಟಳೆಗಳೇ ಸಂತೆಯ ಬೆಲೆಯನ್ನು ನಿರ್ಣಯಿಸುತ್ತವೆ. ಸೈಕಲ್ಲು 1987ಕ್ಕೆ ಮುಂಚೆ ತಯಾರಾದುದಾಗಿರಬೇಕು. ಗೇರು ಬದಲಿಸುವ ಸನ್ನೆಗಳು ಚೌಕಟ್ಟಿನ ಕೆಳಗೊಳವೆಯ ಮೇಲಿರಬೇಕು. ಬ್ರೇಕಿನ ತಂತಿ ಹ್ಯಾಂಡಲ್ಲಿನ ಹೊರಗೆ ಕಾಣುವಂತೆ ಬಾಗಿ ಬರಬೇಕು. ಪೆಡಲ್ಲಿಗೆ ಪಾದವನ್ನು ಬಂಧಿಸುವುದು ಕೊಕ್ಕೆ ಮತ್ತು ಪಟ್ಟಿಯೇ ಹೊರತು ಇಂದಿನ ಯಂತ್ರಬಂಧವಲ್ಲ. ಮನೆಯ ಅಟ್ಟದಲ್ಲಿ ತುಕ್ಕು ಹಿಡಿಯುತ್ತಿದ್ದ ವಸ್ತುವಿಗೆ ಹೀಗೆ ಒಂದು ಕಟ್ಟಳೆಯಿಂದಾಗಿ ಮರ್ಯಾದೆ ಬಂದಿತು. ಮರ್ಯಾದೆಯ ಬೆನ್ನಿಗೇ ಬೆಲೆ ಬಂದಿತು. ಬೆಲೆಯ ಬೆನ್ನಿಗೆ ಮೋಸವೂ ಬಂದಿತು.

ಕೊಳ್ಳಲು ಬಂದವನ ಕಣ್ಣನ್ನು ಮೊದಲು ಸೆಳೆಯುವುದು ಬಣ್ಣ. ಮಿಲಾನ್ ನಗರದಲ್ಲಿ 1885ರಲ್ಲಿ ಎದುವಾರ್ದೊ ಬಿಯಾಂಕಿ ಆರಂಭಿಸಿದ ಕಾರ್ಖಾನೆಯ ತಿಳಿಹಸುರು ಬೆರೆತ ಆಕಾಶವರ್ಣವನ್ನು ಕಂಡರೆ ಇಟಲಿಯ ಹಿರಿಯರ ಮುಖ ಇಂದಿಗೂ ಅರಳುತ್ತದೆ. ಇಟಲಿಯ ಮಹಾಪಂದ್ಯವನ್ನೂ ಫ್ರಾನ್ಸಿನ ಮಹಾಪಂದ್ಯವನ್ನೂ 1949ರ ಒಂದೇ ವರ್ಷದಲ್ಲಿ ಗೆದ್ದು, ಹಾಗೆ ಗೆದ್ದವರಲ್ಲಿ ಮೊದಲಿಗನಾದ ಫೌಸ್ತೊ ಕೊಪ್ಪಿ ಏರಿದ್ದುದು ಆ ಬಣ್ಣದ ಸೈಕಲ್ಲನ್ನೇ. ಆದರೆ ಬಣ್ಣವನ್ನು ಯಾವ ಚೌಕಟ್ಟಿಗಾದರೂ ಬಳಿಯಬಹುದು. ಹೆಸರಿನ ಚೀಟಿಯನ್ನು ಯಾವ ಕೊಳವೆಗಾದರೂ ಅಂಟಿಸಬಹುದು. ಅಷ್ಟೇ ಅಲ್ಲ, ಹೊಸ ಬಣ್ಣವು ಹಳೆಯ ಗಾಯವನ್ನು ಮರೆಮಾಡುತ್ತದೆ. ಆದುದರಿಂದಲೇ ಅನುಭವಿಗಳು ಮಿರುಗುವ ಸೈಕಲ್ಲಿನ ಮುಂದೆ ಸಂಶಯದಿಂದಲೂ, ಮಾಸಿದುದರ ಮುಂದೆ ಆಸಕ್ತಿಯಿಂದಲೂ ನಿಲ್ಲುತ್ತಾರೆ.

ಬಣ್ಣ ಸುಳ್ಳು ಹೇಳಬಹುದು, ಅಳತೆ ಹೇಳಲಾರದು. ಕೊಲಂಬಸ್ ಎಂಬ ಇಟಲಿಯ ಹೆಸರಾಂತ ಕೊಳವೆಗಳ ಗುರುತು ಒಂದು ಪಾರಿವಾಳ. ಆ ಚೀಟಿಯನ್ನು ನಂಬುವುದಕ್ಕೆ ಬದಲು ಸೀಟಿನ ಕಂಬವನ್ನು ಹೊರತೆಗೆದು ಅದರ ವ್ಯಾಸವನ್ನು ನೋಡಬೇಕು. ಎಸ್.ಎಲ್. ಎಂಬ ಹಗುರ ಜಾತಿಯ ಕೊಳವೆಯಾದರೆ ಅದು ಸಾಮಾನ್ಯವಾಗಿ 27.2 ಮಿಲಿಮೀಟರು ಇರುತ್ತದೆ. ಬಹಳ ಕಡಿಮೆಯಿದ್ದರೆ ಕೊಳವೆಯ ಗೋಡೆ ದಪ್ಪವೆಂದೂ ಸರಕು ಅಗ್ಗವೆಂದೂ ಊಹಿಸಬಹುದು. ಕಂಬ ಹೊರಗೆ ಬರಲೊಲ್ಲದಿದ್ದರೆ ಅದೂ ಒಂದು ಉತ್ತರವೇ: ಉಕ್ಕಿನೊಳಗಣ ಅಲ್ಯೂಮಿನಿಯಂ ದೀರ್ಘಕಾಲದ ತೇವದಿಂದ ಕ್ಷಯಿಸಿ ಕಚ್ಚಿಕೊಂಡಿದೆ, ಅದನ್ನು ಬಿಡಿಸುವುದು ಸೈಕಲ್ಲಿನ ಬೆಲೆಗಿಂತಲೂ ದುಬಾರಿಯಾದೀತು. ಕಾಲಮಾನದ ಸಾಕ್ಷ್ಯವೂ ಲೋಹದ ಮೇಲೆಯೇ ಉಂಟು. ವಿಚೆಂಜಾ ನಗರದಲ್ಲಿ 1933ರಲ್ಲಿ ಸ್ಥಾಪಿತವಾದ ಕಾಂಪಾನ್ಯೋಲೊ ಸಂಸ್ಥೆಯ ‘ನುವೊವೊ ರೆಕಾರ್ಡ್’ ಎಂಬ ಗೇರಿನ ಬೆನ್ನಿನ ಮೇಲೆ ಪೇಟೆಂಟಿನ ವರ್ಷದ ಎರಡು ಅಂಕೆಗಳು ಅಚ್ಚಾಗಿರುವುದುಂಟು. ಅಲ್ಲಿ 78 ಎಂದಿದ್ದು, ಮಾರುವವನು ಸೈಕಲ್ಲು 1968ರದೆಂದು ಹೇಳಿದರೆ, ಗೇರು ಬದಲಾಗಿರಬೇಕು, ಇಲ್ಲವೆ ಮಾತು ಬದಲಾಗಿರಬೇಕು.

ಇವೆಲ್ಲ ಹಣದ ವಿಚಾರವಾಯಿತು. ಪ್ರಾಣದ ವಿಚಾರವೂ ಇದೆ. ಗುಡ್ಡದ ಇಳಿಜಾರಿನಲ್ಲಿ, ಜಲ್ಲಿಯ ಮೇಲೆ, ಕುಲುಕುತ್ತ ವೇಗವಾಗಿ ಇಳಿಯುವವನಿಗೆ ಫೋರ್ಕು ಮುರಿದರೆ ಎರಡನೆಯ ಅವಕಾಶವಿಲ್ಲ. ಹ್ಯಾಂಡಲ್ಲಿನ ಕೆಳಗೆ ಮೇಲ್ಗೊಳವೆಯೂ ಕೆಳಗೊಳವೆಯೂ ಕೂಡುವಲ್ಲಿ, ಅವುಗಳ ಅಡಿಯ ಭಾಗದ ಮೇಲೆ ಬೆರಳಾಡಿಸಿ ನೋಡಬೇಕು. ಅಲ್ಲಿ ಸಣ್ಣ ಉಬ್ಬು ತಗುಲಿದರೆ, ಅಡ್ಡಲಾಗಿ ಬಣ್ಣ ಬಿರಿದಿದ್ದರೆ, ಆ ಸೈಕಲ್ಲು ಹಿಂದೊಮ್ಮೆ ಗೋಡೆಗೋ ಬಂಡಿಗೋ ಮುಖಾಮುಖಿಯಾಗಿ ಬಡಿದಿದೆಯೆಂದು ತಿಳಿಯಬೇಕು. ಉಕ್ಕಿಗೆ ಒಂದು ಸದ್ಗುಣವಿದೆ: ಕುಶಲಿಯಾದ ಕೆಲಸಗಾರನು ಕೆಟ್ಟ ಕೊಳವೆಯನ್ನು ಕಾಯಿಸಿ ತೆಗೆದು ಹೊಸದನ್ನು ಬೆಸೆಯಬಲ್ಲ. ಅಲ್ಯೂಮಿನಿಯಮ್ಮಿಗೆ ಆ ಭಾಗ್ಯವಿಲ್ಲ. ವರ್ಷಗಳ ತುಳಿತದಿಂದ ಆ ಲೋಹ ಒಳಗೊಳಗೇ ದಣಿಯುತ್ತದೆ. ಪೆಡಲ್ಲಿನ ತೋಳು ಹಲ್ಲಿನ ಚಕ್ರವನ್ನು ಹಿಡಿದ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಸಾಕು, ಅದನ್ನು ಗೋಡೆಯ ಅಲಂಕಾರಕ್ಕೆ ಬಿಡುವುದೇ ಕ್ಷೇಮ.

ಇನ್ನೊಂದು ಎಚ್ಚರಿಕೆ ನೀತಿಗೆ ಸಂಬಂಧಿಸಿದ್ದು. ವಿತ್ತೋರಿಯೊ ದೆ ಸಿಕಾ 1948ರಲ್ಲಿ ತೆರೆಗೆ ತಂದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ಕಂಡವರು ಆ ತಂದೆಮಗನನ್ನು ಮರೆಯಲಾರರು. ಕಳುವಾದ ಸೈಕಲ್ಲನ್ನು ಅವರು ರೋಮ್ ನಗರದ ಪಿಯಾಜಾ ವಿತ್ತೋರಿಯೊ ಸಂತೆಯಲ್ಲಿ ಬಿಡಿಬಿಡಿಯಾಗಿ, ಇಲ್ಲಿ ಚಕ್ರ, ಅಲ್ಲಿ ಚೌಕಟ್ಟು ಎಂದು ಹುಡುಕುತ್ತಾರೆ. ಹಳೆಯ ಸೈಕಲ್ಲಿನ ಪ್ರತಿಯೊಂದು ಸಂತೆಯ ಮೇಲೂ ಆ ನೆರಳು ಸ್ವಲ್ಪಮಟ್ಟಿಗೆ ಬಿದ್ದೇ ಇರುತ್ತದೆ. ಚೌಕಟ್ಟಿನ ಸಂಖ್ಯೆಯನ್ನು ಯಾರೋ ಅರದಿಂದ ಉಜ್ಜಿದ್ದರೆ, ಎಲ್ಲಿಂದ ಬಂತೆಂಬ ಸರಳ ಪ್ರಶ್ನೆಗೆ ಮಾರುವವನು ಬೆಲೆ ಇಳಿಸುವುದನ್ನೇ ಉತ್ತರವಾಗಿ ಕೊಟ್ಟರೆ, ಆ ಅಗ್ಗದ ಸರಕನ್ನು ಬಿಟ್ಟುಹೋಗುವುದು ಲೇಸು. ಅದರ ನಿಜವಾದ ಬೆಲೆಯನ್ನು ಮತ್ತೊಂದು ಮನೆ ಆಗಲೇ ತೆತ್ತಿದೆ.

ಸೈಕಲ್ಲು ಸಾಚಾ, ಗಟ್ಟಿ, ನ್ಯಾಯದ್ದು ಎಂದೇ ಇಟ್ಟುಕೊಳ್ಳೋಣ. ಆದರೂ ಅದು ಕೊಳ್ಳುವವನಿಗೆ ಸಲ್ಲುವುದೇ? ಇಲ್ಲಿಯೇ ಬಹು ಜನ ಎಡವುತ್ತಾರೆ. ಕಾಂಪಾನ್ಯೋಲೊ ಸಂಸ್ಥೆಯ ಆ ಕಾಲದ ರೇಸಿಂಗ್ ಜೋಡಣೆಯಲ್ಲಿ ಮುಂದಣ ಸಣ್ಣ ಚಕ್ರಕ್ಕೆ ಸಾಮಾನ್ಯವಾಗಿ 42 ಹಲ್ಲುಗಳು, ಕೊನೆಯಪಕ್ಷ 41. ವೀರರ ತೊಡೆಗಳಿಗೆ ಹೊಂದಿದ ಅಳತೆ ಅದು. ಇಂದಿನ ಸಾಮಾನ್ಯ ಸವಾರನು ಅದನ್ನೇರಿ ಕಡಿದಾದ ಬಿಳಿಯ ದಾರಿಗೆ ಬಂದರೆ, ಅರ್ಧದಲ್ಲಿಯೇ ಇಳಿದು ತಳ್ಳಬೇಕಾದೀತು. ಚೌಕಟ್ಟಿನ ಎತ್ತರವೂ ಹಾಗೆಯೇ. ದೇಹಕ್ಕೆ ಒಗ್ಗದ ಪ್ರಖ್ಯಾತ ಸೈಕಲ್ಲಿಗಿಂತ ಒಗ್ಗುವ ಅನಾಮಿಕ ಸೈಕಲ್ಲು ಮೇಲು. ಪ್ರವಾಸಕ್ಕೆಂದು ಹಿಂದಿನವರು ಮಾಡಿದ, ಮುಂದೆ ಇನ್ನೂ ಸಣ್ಣ ಹಲ್ಲುಚಕ್ರವುಳ್ಳ ಸೈಕಲ್ಲುಗಳು ಸಂತೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿರುತ್ತವೆ. ಬುದ್ಧಿವಂತನು ಚಾಂಪಿಯನ್ನರ ನೆನಪನ್ನು ಕೊಳ್ಳುವುದಿಲ್ಲ, ತನ್ನ ಮೊಣಕಾಲಿಗೆ ತಕ್ಕುದನ್ನು ಕೊಳ್ಳುತ್ತಾನೆ.

ಸಂತೆಯ ತೀರ್ಪು ಹೊರಬೀಳುವುದು ಭಾನುವಾರದ ಮುಂಜಾವದಲ್ಲಿ. ಇನ್ನೂ ಕತ್ತಲಿರುವಾಗಲೇ ಸವಾರರು ಗಾಯೋಲೆಯಿಂದ ಹೊರಟು ಬ್ರೋಲಿಯೊ ಕೋಟೆಯತ್ತ ಏರುತ್ತಾರೆ. ಏಕೀಕೃತ ಇಟಲಿಯ ಎರಡನೆಯ ಪ್ರಧಾನಮಂತ್ರಿಯಾಗಿದ್ದ ಬೆತ್ತಿನೊ ರಿಕಾಸೊಲಿಯ ಮನೆತನದ ಕೋಟೆಯದು. ಸೈಪ್ರೆಸ್ ಮರಗಳ ಸಾಲಿನ ನಡುವೆ ಬಿಳಿಯ ದಾರಿ ಮೇಲೇರುತ್ತದೆ. ಅಂಚಿನುದ್ದಕ್ಕೂ ಸಣ್ಣ ದೀಪಗಳು ಉರಿಯುತ್ತಿರುತ್ತವೆ. ಆ ಮಂದಬೆಳಕಿನಲ್ಲಿ ಯಾವ ಸೈಕಲ್ಲಿನ ಬಣ್ಣ ಯಾವುದೆಂದು ಕಾಣುವುದಿಲ್ಲ, ಚೀಟಿಯ ಹೆಸರು ಓದಲಾಗುವುದಿಲ್ಲ. ಕೇಳಿಬರುವುದು ಜಲ್ಲಿಯ ಸದ್ದು, ಏದುಸಿರು, ಮತ್ತು ಚೈನು ಒಂದು ಹಲ್ಲಿನಿಂದ ಮತ್ತೊಂದಕ್ಕೆ ನೆಗೆಯುವ ಟಕ್ಕೆಂಬ ಶಬ್ದ. ಶುಕ್ರವಾರ ಬೀದಿಯಂಚಿನಲ್ಲಿ ಒಂದು ಗಂಟೆ ಬಗ್ಗಿ, ಬೆರಳಾಡಿಸಿ, ಅಳೆದು ಕೊಂಡವನು ಮೇಲೇರುತ್ತಿರುತ್ತಾನೆ. ಬಣ್ಣಕ್ಕೆ ಒಲಿದು ಕೊಂಡವನು ದೀಪದ ಬಳಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ರಿಪೇರಿಗೆ ತೊಡಗಿರುತ್ತಾನೆ.