ವಿಶಾಖಪಟ್ಟಣದ ಕೈಸನ್ನೆ, ಬೆಜವಾಡದ ಕಣ್ಸನ್ನೆ

ಸರಕಾರಿ ಗುಮಾಸ್ತನಿಗೆ ವರ್ಗದ ಹುಕುಂ ಬಂದರೆ, ಆ ಊರಿನ ಭಾಷೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನಾವು ಬಾಗಲಕೋಟೆ ಸೀಮೆಯವರು. ವೃದ್ಧ ತಾಯಿಯೊಡನೆ ವಿಶಾಖಪಟ್ಟಣಕ್ಕೆ ಬಂದಿಳಿದಾಗ ನಮ್ಮಲ್ಲಿದ್ದ ತೆಲುಗು ಬಂಡವಾಳವೆಂದರೆ ಅಂಗಡಿಯ ಫಲಕಗಳನ್ನು ತಡವರಿಸಿ ಓದುವಷ್ಟು ಮಾತ್ರ. ಸ್ಟೇಷನ್ನಿನ ಹೊರಗೆ ಆಟೋದವನು “ಆಗಂಡಿ” ಎಂದ. ನಮ್ಮ ‘ಆಗಲಿ’ಯೇ ಇದೆಂದು ತಿಳಿದು ಗಂಟುಮೂಟೆಯನ್ನೆಲ್ಲ ಒಳಗೆ ತಳ್ಳಿದೆವು. ಅವನು ಅಂಗೈಯನ್ನು ನಮ್ಮ ಎದೆಗೆ ಅಡ್ಡ ಹಿಡಿದ ಮೇಲೆಯೇ ‘ತಡೆಯಿರಿ’ ಎಂಬ ಅರ್ಥ ಹೊಳೆದದ್ದು!

ತಾಯಿಯವರಿಗೆ ಇಂಥ ಪೇಚಾಟವೇ ಇರಲಿಲ್ಲ. ತೆಲುಗು ಕಲಿಯುವ ಗೋಜಿಗೇ ಅವರು ಹೋಗಲಿಲ್ಲ. ಕಾಯಿಪಲ್ಯದವಳು ಐದು ಬೆರಳು ತೋರಿದರೆ ಇವರು ಎರಡನ್ನು ಮಡಚುವರು; ವ್ಯಾಪಾರ ಮುಗಿಯಿತು. ಸಂಜೆ ಕಡಲ ಗಾಳಿ ಬೀಸುವ ಹೊತ್ತಿಗೆ ಪಕ್ಕದ ಮನೆಯ ಮಾಮ್ಮಗಾರು ಮೆಟ್ಟಿಲ ಮೇಲೆ ಬಂದು ಕೂಡುವರು. ಇಬ್ಬರೂ ಸೊಪ್ಪು ಬಿಡಿಸುತ್ತ ಗಂಟೆಗಟ್ಟಲೆ ಕೂತಿರುವರು. ಅದೇನು ಮಾತೆಂದು ಒಮ್ಮೆ ಕೇಳಿದೆವು. “ಅಕಿಗೂ ಮೊಣಕಾಲ ಬ್ಯಾನಿ ಅದಪಾ” ಎಂದರು.

ಊರಿನಲ್ಲಿ ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂದ ದಿನ, ತಾಯಿಯವರಿಗೆ ಮಣ್ಣಿಗೆ ಹೋಗಿ ಮುಟ್ಟುವುದು ಸಾಧ್ಯವಿರಲಿಲ್ಲ. ಮಾಮ್ಮಗಾರು ಬಂದರು. ಏನನ್ನೂ ಕೇಳಲಿಲ್ಲ. ತಾಯಿಯವರ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ದೀಪ ಹಚ್ಚುವವರೆಗೂ ಕೂತಿದ್ದರು.

ಮೂರು ತಿಂಗಳ ಮೇಲೆ ಅವರ ಯಜಮಾನರೇ ಹೋಗಿಬಿಟ್ಟರು. ನಾವು ಬಿ.ಎ. ಓದಿದವರು ನೋಡಿ! ಆಫೀಸಿನ ಗೆಳೆಯರಿಂದ ನಾಲ್ಕು ತೆಲುಗು ವಾಕ್ಯ ಬರೆಯಿಸಿ ಬಾಯಿಪಾಠ ಮಾಡಿಕೊಂಡು ಹೋದೆವು. ಒಂದು ಅಕ್ಷರವೂ ತಪ್ಪದೆ ಹೇಳಿದೆವು. ಆದರೆ ಆಫೀಸಿನ ಹೊತ್ತು. ಮೂರನೆಯ ವಾಕ್ಯಕ್ಕೆ ಕಣ್ಣು ಕೈಗಡಿಯಾರದ ಮೇಲೆ ಬಿತ್ತು. ಮಾಮ್ಮಗಾರೂ ಅಲ್ಲಿಯೇ ನೋಡಿದರು. ನಾಲ್ಕನೆಯ ವಾಕ್ಯವನ್ನು ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮನೆಗೆ ಬಂದ ಮೇಲೆ ತಾಯಿಯವರು, “ನೀ ಹೋಗದಿದ್ರನ ಚಲೋ ಇತ್ತು” ಎಂದಷ್ಟೇ ಹೇಳಿದರು.

ಆ ಚಳಿಗಾಲದಲ್ಲಿ ತಾಯಿಯವರನ್ನು ಕರೆದುಕೊಂಡು ಬೆಜವಾಡಕ್ಕೆ, ಎಂದರೆ ಈಗಿನ ವಿಜಯವಾಡಕ್ಕೆ, ಹೊರಟೆವು. ರೈಲಿನಲ್ಲಿ ಸುಮಾರು 350 ಕಿಲೋಮೀಟರು. ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆಯ ದರ್ಶನ ಮಾಡಿ, 1957ರಲ್ಲಿ ಮುಗಿದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತೆವು. “ಇದು ನಮ್ಮ ಹೊಳಿ ಅಲ್ಲೇನೋ!” ಎಂದು ತಾಯಿಯವರು ಎರಡೂ ಕೈ ಜೋಡಿಸಿದರು. ಆಲಮಟ್ಟಿಯ ಕೃಷ್ಣೆ ಇಲ್ಲಿ ಎಷ್ಟು ಅಗಲವಾಗಿದ್ದಾಳೆ!

ಮರುದಿನ ಕೂಚಿಪೂಡಿಗೆ ಹೋದೆವು. 50-60 ಕಿಲೋಮೀಟರು ಬಸ್ಸಿನ ದಾರಿ. ನಮ್ಮ ಯಕ್ಷಗಾನದಂತೆ ಇಲ್ಲಿಯೂ ಗಂಡಸರೇ ಹೆಣ್ಣು ವೇಷ ಕಟ್ಟುತ್ತಿದ್ದರು. 2012ರಲ್ಲಿ ತೀರಿಕೊಂಡ ವೇದಾಂತಂ ಸತ್ಯನಾರಾಯಣ ಶರ್ಮರು ಸತ್ಯಭಾಮೆಯ ಪಾತ್ರಕ್ಕೆ ಹೆಸರಾದವರು. ಅಭಿನಯಕ್ಕೆ ಆಧಾರವಾದ ಗ್ರಂಥಗಳಲ್ಲಿ ನಂದಿಕೇಶ್ವರನ ‘ಅಭಿನಯ ದರ್ಪಣ’ವೂ ಒಂದು. ಕೃಷ್ಣಾ ಸೀಮೆಯ ಪೆನುಗಂಚಿಪ್ರೋಲಿನ ದುಗ್ಗಿರಾಲ ಗೋಪಾಲಕೃಷ್ಣಯ್ಯನವರು ಆನಂದ ಕುಮಾರಸ್ವಾಮಿಯವರ ಜೊತೆ ಸೇರಿ ಇದನ್ನು ಇಂಗ್ಲಿಷಿಗೆ ತಂದದ್ದು 1917ರಲ್ಲಿ. ಅದರಲ್ಲಿ ತಲೆಯ ಚಲನೆಗಳೇ 9, ಕಣ್ಣಿನ ನೋಟಗಳು 8. ತಲೆಯನ್ನು ಚಾಮರದಂತೆ ಎರಡು ಪಕ್ಕಕ್ಕೂ ಆಡಿಸುವುದಕ್ಕೆ ‘ಪರಿವಾಹಿತ’ವೆಂದು ಹೆಸರು, ಸಂತೋಷ, ಒಪ್ಪಿಗೆ ಮೊದಲಾದುವನ್ನು ಅದು ತೋರಿಸುತ್ತದೆ. ಹೊರಗಿನವರು ‘ಹೌದೋ ಅಲ್ಲವೋ ತಿಳಿಯದು’ ಎಂದು ಗೇಲಿ ಮಾಡುವ ನಮ್ಮ ದಕ್ಷಿಣದ ತಲೆದೂಗಾಟಕ್ಕೆ ಶಾಸ್ತ್ರದಲ್ಲಿಯೇ ಇಂಥ ನೆಂಟನಿದ್ದಾನೆಂದು ತಿಳಿದು ನಮಗೆ ಬಹಳ ಹಿಗ್ಗಾಯಿತು.

ಅಲ್ಲಿ ಒಬ್ಬ ಹುಡುಗಿ ಪಾಠ ಒಪ್ಪಿಸುತ್ತಿದ್ದಳು. ಕೈ ಸರಿಯಾಗಿಯೇ ಇತ್ತು. ಕಣ್ಣು ಮಾತ್ರ ಬಾಗಿಲಲ್ಲಿ ನಿಂತ ನಮ್ಮ ಕಡೆಗೆ. ಗುರುಗಳು ತಾಳ ನಿಲ್ಲಿಸಿ, ಬೈಯದೆ, ಮಗುವಿನ ಗಲ್ಲ ಹಿಡಿದು ಮುಖವನ್ನು ಕೈಯ ಕಡೆಗೆ ತಿರುಗಿಸಿದರು. ತಾಯಿಯವರು ನಮ್ಮನ್ನು ನೋಡಿದರು. ನಾವು ನೆಲ ನೋಡಿದೆವು.

ವಿಶಾಖಪಟ್ಟಣಕ್ಕೆ ಮರಳಿದ ಮೇಲೆ ದುರ್ಗಮ್ಮನ ಪ್ರಸಾದದ ಲಡ್ಡು ಹಿಡಿದು ಮಾಮ್ಮಗಾರ ಮನೆಗೆ ಹೋದೆವು. ಅಂದು ರವಿವಾರ. ಯಾವ ವಾಕ್ಯವನ್ನೂ ಸಿದ್ಧಪಡಿಸಿಕೊಂಡಿರಲಿಲ್ಲ. ಅವರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ನಮ್ಮ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲನ್ನು ಕೈಯಿಂದ ಒರೆಸಿ, ಕೂಡೆಂದು ಸನ್ನೆ ಮಾಡಿದರು. ಕತ್ತಲಾಗುವವರೆಗೂ ಕೂತಿದ್ದೆವು.