ಅಟ್ಟದಿಂದಿಳಿದ ಗ್ರಾಮಫೋನು

ಹಳೆಯ ಮನೆಯ ಅಟ್ಟದಲ್ಲಿ, ಮುರಿದ ತೊಟ್ಟಿಲು ಮತ್ತು ತುಕ್ಕು ಹಿಡಿದ ಲಾಟೀನುಗಳ ನಡುವೆ, ಕೈಪೆಟ್ಟಿಗೆಯಾಕಾರದ ಗ್ರಾಮಫೋನೊಂದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಮೌನವಾಗಿತ್ತು. ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಅದನ್ನು ಕೆಳಗಿಳಿಸಿದ್ದು ಮಾರುವುದಕ್ಕಲ್ಲ. 87 ವರ್ಷದ ಅವರ ತಾಯಿ ಒಂದು ಸಂಜೆ, ಮದುವೆಯಾದ ಹೊಸತರಲ್ಲಿ ತಾವು ಕೇಳುತ್ತಿದ್ದ ಕಂಪನಿ ನಾಟಕದ ಹಾಡೊಂದನ್ನು ನೆನೆದಿದ್ದರು. ಆ ತಟ್ಟೆ ಪೆಟ್ಟಿಗೆಯೊಡನೆಯೇ ಇದ್ದಿತು. ಅದರ ಲೇಬಲನ್ನು ಹುಳು ತಿಂದಿತ್ತು. ಹಾಡಿದವರ ಹೆಸರು ಉಳಿದಿರಲಿಲ್ಲ. ಕಾಗದದ ಚೀಲದ ಮೇಲೆ ತಾಯಿ ಪೆನ್ಸಿಲಿನಿಂದ ಬರೆದ ಹಾಡಿನ ಮೊದಲ ಪದಗಳಷ್ಟೇ ಅದರ ಗುರುತು.

ವಿದ್ಯುತ್ತಿನ ಹಂಗಿಲ್ಲದ ಈ ಯಂತ್ರದ ಜೀವವಿರುವುದು ಉಕ್ಕಿನ ಪಟ್ಟಿಯ ಸುರುಳಿಯಲ್ಲಿ. ಕೀಲಿ ಕೊಟ್ಟಾಗ ಬಿಗಿಯುವ ಆ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಳ್ಳುತ್ತ ತಟ್ಟೆಯನ್ನು ತಿರುಗಿಸುತ್ತದೆ. ಅದರ ಓಟವನ್ನು ಹದದಲ್ಲಿಡುವುದು ಗವರ್ನರ್. ವೇಗ ಹೆಚ್ಚಿದಂತೆ ಅದರ ಮೂರು ಸಣ್ಣ ಗುಂಡುಗಳು ಹೊರಕ್ಕೆ ಸರಿದು, ಬಿಲ್ಲೆಯೊಂದನ್ನು ಚರ್ಮದ ತುಣುಕಿಗೆ ಒತ್ತಿ ವೇಗವನ್ನು ತಗ್ಗಿಸುತ್ತವೆ. ಸೂಜಿಯ ಕಂಪನವನ್ನು ಧ್ವನಿಯಾಗಿಸುವುದು ಹಳ್ಳಿಯವರು ಕಾಗೆಬಂಗಾರವೆನ್ನುವ ಅಭ್ರಕದ ತೆಳುವಾದ ಬಿಲ್ಲೆ. ಅಧ್ಯಾಪಕರು ಸ್ಪ್ರಿಂಗಿನ ಬಿಗಿತವನ್ನೆಲ್ಲ ಇಳಿಸಿ, ದಪ್ಪ ಕೈಗವಸು ತೊಟ್ಟು, ಅದನ್ನು ಹೊರತೆಗೆದರು. ಅಜಾಗರೂಕತೆಯಿಂದ ಬಿಟ್ಟರೆ ಅದು ಕೈಯನ್ನು ಸೀಳಬಲ್ಲದು. ಡಾಂಬರಿನಂತಾಗಿದ್ದ ಗ್ರೀಸನ್ನು ಸೀಮೆಎಣ್ಣೆಯಲ್ಲಿ ತೊಳೆದರು. ಕಲ್ಲಾಗಿದ್ದ ರಬ್ಬರು ಬಳೆಗಳನ್ನು ಬದಲಿಸಿದರು. ಒಳಗೆ ವಿದ್ಯುತ್ ಮೋಟಾರು, ಸ್ಪೀಕರು ಕೂರಿಸಿಕೊಡುವೆನೆಂದ ಅಂಗಡಿಯವನ ಮಾತಿಗೆ ಒಪ್ಪಲಿಲ್ಲ. ಹಾಗೆ ಮಾಡಿದರೆ ಮೂಲವನ್ನು ತೆಗೆದು ವ್ಯಾಖ್ಯಾನವನ್ನಷ್ಟೇ ಉಳಿಸಿಕೊಂಡಂತೆ ಎಂಬುದು ಅವರ ವಾದ.

ಯಂತ್ರದ ವಿಷಯದಲ್ಲಿ ಇಷ್ಟು ಸಂಯಮ ತೋರಿದವರು ತಟ್ಟೆಯ ವಿಷಯದಲ್ಲಿ ಎಡವಿದರು. ಧೂಳು ಮೆತ್ತಿದ್ದ ಆ ನಾಟಕದ ತಟ್ಟೆಯನ್ನು ಹತ್ತಿಯಿಂದ, ಸ್ಪಿರಿಟ್ ಹಚ್ಚಿ ಉಜ್ಜಿದರು. ಹತ್ತಿ ಕಪ್ಪಾಯಿತು, ಕೊಳೆ ಬಿಡುತ್ತಿದೆಯೆಂದು ಸಂತೋಷದಿಂದ ಮತ್ತೆ ಉಜ್ಜಿದರು. ಒಣಗಿದಾಗ ತಟ್ಟೆಯ ಹೊಳಪು ಹೋಗಿ, ಬೂದು ಹಿಡಿದಂತಾಗಿತ್ತು. ಬೀದಿಯ ಕೊನೆಯ ಬಡಗಿ ಅದನ್ನು ನೋಡಿದವನೇ ಹೇಳಿದ: "ಇದು ಅರಗು ಅಲ್ವಾ ಮೇಷ್ಟ್ರೇ? ನಾವು ಪಾಲಿಶ್‌ಗೆ ಅರಗು ಕರಗಿಸೋದೇ ಸ್ಪಿರಿಟ್‌ನಲ್ಲಿ."

ಹೌದು, ಅದು ಅರಗು. ಮುತ್ತುಗ, ಬೋರೆಯಂತಹ ಮರಗಳ ಕೊಂಬೆಗಳಲ್ಲಿ ಸಣ್ಣ ಕೀಟಗಳು ಸ್ರವಿಸುವ ಅಂಟೇ ಕಲ್ಲಿನ ಪುಡಿ ಮತ್ತು ಕಪ್ಪು ಬಣ್ಣದೊಡನೆ ಬೆರೆತು ಆ ಕಾಲದ ತಟ್ಟೆಗಳಾಗುತ್ತಿತ್ತು. ಪಾಂಡವರ ಅರಗಿನ ಮನೆಯ ಪ್ರಸಂಗವನ್ನು ಮೂವತ್ತು ವರ್ಷ ತರಗತಿಯಲ್ಲಿ ವಿವರಿಸಿದವರಿಗೆ ಅರಗಿಗೆ ಬೆಂಕಿಯ ಭಯವಿದೆಯೆಂಬುದು ಗೊತ್ತಿತ್ತು. ಸ್ಪಿರಿಟ್ಟಿನ ಭಯ ಗೊತ್ತಿರಲಿಲ್ಲ. ಹಸ್ತಪ್ರತಿಯ ಅಪರೂಪದ ಪಾಠವನ್ನು ಲಿಪಿಕಾರನ ತಪ್ಪೆಂದು ಭಾವಿಸಿ ತಿದ್ದಿಬಿಡುವ ಸಂಪಾದಕನ ಉತ್ಸಾಹಕ್ಕೂ ಈ ಉತ್ಸಾಹಕ್ಕೂ ಹೆಚ್ಚಿನ ಅಂತರವಿಲ್ಲ. ಸಂಪಾದಕ ತಿದ್ದಿದರೂ ಮೂಲ ಓಲೆ ಉಳಿದಿರುತ್ತದೆ. ಇಲ್ಲಿ ಕರಗಿದ್ದು ಓಲೆಯೇ.

ಆ ಬಳಿಕ ಅವರ ಕೆಲಸ ನಿಧಾನವಾಯಿತು. ಉಳಿದ ತಟ್ಟೆಗಳನ್ನು ಮೃದುವಾದ ಕುಂಚದಿಂದಷ್ಟೇ ಒರೆಸಿದರು. ತಟ್ಟೆಯ ಒಂದೊಂದು ಮುಖಕ್ಕೂ ಹೊಸ ಉಕ್ಕಿನ ಸೂಜಿ ಹಾಕಿದರು. ಸವೆದ ಸೂಜಿ ಗೀರುಗಳನ್ನು ಕೊರೆದುಹಾಕುತ್ತದೆ. ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಅರ್ಧ ನಿಮಿಷಕ್ಕೆ 39 ಸುತ್ತು ಬರುವಂತೆ ವೇಗವನ್ನು ಹೊಂದಿಸಿದರು. ನಿಮಿಷಕ್ಕೆ 78ರ ಬದಲು 74 ಸುತ್ತಾದರೆ ಹಾಡು ಸರಿಸುಮಾರು ಒಂದು ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ಆರಂಭಕಾಲದ ಧ್ವನಿಮುದ್ರಣಗಳಲ್ಲಂತೂ ಈ ವೇಗ ಏಕರೂಪವಾಗಿರಲಿಲ್ಲ. ಆದುದರಿಂದ ಗಾಯಕಿಯ ನಿಜವಾದ ಶ್ರುತಿ ಯಾವುದೆಂಬ ಪ್ರಶ್ನೆಯೂ ಪಾಠನಿರ್ಣಯದ ಪ್ರಶ್ನೆಯೇ.

1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೋಹರ್ ಜಾನರ ಹಾಡುಗಳನ್ನು ಮುದ್ರಿಸಿಕೊಂಡನು. ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ಅಷ್ಟರಲ್ಲಿ ರಾಗ ಅರಳಬೇಕು, ಹಾಡು ಮುಗಿಯಬೇಕು. ಕೊನೆಗೆ ಆಕೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. ವಚನ, ಕೀರ್ತನೆಗಳ ಅಂಕಿತವನ್ನು ಬಲ್ಲ ಕನ್ನಡದ ಕಿವಿಗೆ ಇದು ಅಪರಿಚಿತವೆನಿಸದು. ಆಕೆಯ ಕೊನೆಯ ದಿನಗಳು ಮೈಸೂರಿನಲ್ಲಿ ಕಳೆದವು. 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಹೆಸರು ಹೇಳಿಹೋದ ದನಿ ಹಾಗೆ ಉಳಿಯಿತು. ತಾಯಿಯ ತಟ್ಟೆಯಲ್ಲಿ ಅಂತಹ ಅಂಕಿತವೂ ಇರಲಿಲ್ಲ.

ಯಂತ್ರ ಸಿದ್ಧವಾದ ದಿನ ಅಧ್ಯಾಪಕರು ಬೇರೆ ತಟ್ಟೆಗಳನ್ನೇ ಹಾಕಿದರು. ತಾಯಿ ಕೇಳಿ, "ಅದನ್ನ ಹಾಕೋ ಮಗಾ" ಎಂದರು. ಮರೆಮಾಚಲು ಅವರಿಗೆ ಮನಸ್ಸಾಗಲಿಲ್ಲ. ಸೂಜಿ ಇಳಿಯಿತು. ಹುರಿಗಡಲೆ ಹುರಿದಂತಹ ಸದ್ದಿನ ನಡುವೆ ಹಾರ್ಮೋನಿಯಮ್ಮಿನ ಒಂದೆರಡು ಸ್ವರ, ಹೆಣ್ಣುದನಿಯ ಒಂದು ಎಳೆ. ಆಮೇಲೆ ಬರಿಯ ಸದ್ದು. ತಾಯಿ ಕಣ್ಣು ಮುಚ್ಚಿದರು. ಎಳೆ ಕಡಿದಲ್ಲಿಂದ ತಾವೇ ಎತ್ತಿಕೊಂಡು, ನಡುಗುವ ದನಿಯಲ್ಲಿ ಎರಡು ಸಾಲು ಹಾಡಿದರು. ಮೂರನೆಯದು ಅವರಿಗೂ ನೆನಪಾಗಲಿಲ್ಲ. "ನೀನು ಏನು ಮಾಡಿದೆ ಇದಕ್ಕೆ?" ಎಂದು ಕೇಳಿದರು. ಅವರು ಹೇಳಿದರು. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಾಫಿ ಇಡು" ಎಂದರು.

ಆ ರಾತ್ರಿ ಅಧ್ಯಾಪಕರು ತಟ್ಟೆಯ ಕಾಗದದ ಚೀಲದ ಮೇಲೆ, ತಾಯಿಯ ಪೆನ್ಸಿಲಿನ ಅಕ್ಷರಗಳ ಕೆಳಗೆ, ಅವರು ಹಾಡಿದ ಎರಡು ಸಾಲುಗಳನ್ನು ಬರೆದಿಟ್ಟರು. ಅದರ ಕೆಳಗೆ ಗ್ರಂಥಸಂಪಾದಕರು ಮಾಡುವಂತೆ ಚುಕ್ಕೆಗಳ ಒಂದು ಸಾಲು ಎಳೆದರು. ಪಕ್ಕದಲ್ಲಿ, ಸಾಮಾನ್ಯವಾಗಿ ಸಂಪಾದಕರು ಬರೆಯದ ಒಂದು ಮಾತನ್ನೂ ಬರೆದರು: 'ತ್ರುಟಿತ. ಕಾರಣ, ನನ್ನ ಕೈ.'